ಲಗ್ನಪತ್ರಿಕೆಗೆ ಸೆರಿಫ್ ಅಕ್ಷರ: ಚಂದಾನೂ ಇರಬೇಕು, ಓದಲಿಕ್ಕೂ ಬರಬೇಕು

ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಒಂದು ಮನೆಯವರಿಗೆ ಲಗ್ನಪತ್ರಿಕೆ ಮಾಡಿಕೊಟ್ಟಿದ್ದೆ. ಮೆರೂನ್ ಬಣ್ಣದ ದಪ್ಪ ಕಾರ್ಡು, ಮುಟ್ಟಿದರೆ ತರಿತರಿ. ಅದರ ಮೇಲೆ ಬಂಗಾರದ ಬಣ್ಣದಲ್ಲಿ ಸ್ಕ್ರೀನ್ ಪ್ರಿಂಟಿಂಗ್. ಇಂಗ್ಲಿಷ್ ಹೆಸರುಗಳಿಗೆ ಬೊಡೋನಿ ಮಾದರಿಯ ಸೆರಿಫ್ ಫಾಂಟ್ ಹಾಕಿದ್ದೆ. ಕನ್ನಡಕ್ಕೂ ಹುಡುಕಿ ಹುಡುಕಿ ತೆಳು ಗೆರೆಯದ್ದೇ ತಂದಿದ್ದೆ. ಕಂಪ್ಯೂಟರ್ ಪರದೆಯ ಮೇಲೆ ನೋಡಿದರೆ ನನಗೇ ನನ್ನ ಮೇಲೆ ಹೆಮ್ಮೆ.

ಐನೂರು ಕಾರ್ಡು ಅಚ್ಚಾಗಿ ಬಂದವು. ಇಂಗ್ಲಿಷಿನ ಸಣ್ಣ ‘ಇ’ಗೆ ನಡುವೆ ಒಂದು ಅಡ್ಡಗೆರೆ ಇರುತ್ತದಲ್ಲ, ಅದು ಎಲ್ಲೂ ಇಲ್ಲ. ‘ಇ’ಗಳೆಲ್ಲ ‘ಸಿ’ ಆಗಿದ್ದವು. ‘ಶ್ರೀ’ ಎಂದು ಇಂಗ್ಲಿಷಿನಲ್ಲಿ ಬರೆದ ಕಡೆಯೆಲ್ಲ ಕೊನೆಗೆ ಎರಡು ‘ಸಿ’. ಕನ್ನಡದ ಕಥೆ ಇನ್ನೂ ಬೇರೆ. ಅಜ್ಜನ ಹೆಸರು ಸಿದ್ಧಾರೂಢ. ‘ದ್ಧ’ದ ಸಣ್ಣ ಸೀಳಿನಲ್ಲಿ ಶಾಯಿ ತುಂಬಿಕೊಂಡಿತ್ತು, ‘ಢ’ದ ಸೀಳಿನಲ್ಲೂ ತುಂಬಿಕೊಂಡಿತ್ತು. ಅಜ್ಜ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಕೊನೆಗೆ ಕೇಳಿದರು: “ತಮ್ಮಾ, ನನ್ನ ಹೆಸರು ಹಿಂಗ ಯಾವಾಗ ಆತು?”

ತಪ್ಪು ಪ್ರೆಸ್ಸಿನವರದ್ದಲ್ಲ, ನನ್ನದೇ. ಆ ಐನೂರು ಕಾರ್ಡು ನನ್ನ ಖರ್ಚಿನಲ್ಲೇ ಮತ್ತೆ ಆದವು. ಅವತ್ತಿನಿಂದ ನಾನು ಸೆರಿಫ್ ಫಾಂಟ್ ಆರಿಸುವ ರೀತಿಯೇ ಬದಲಾಯಿತು. ಈಗ ಮೊದಲು ನೋಡುವುದು ಅದರ ತೆಳು ಗೆರೆಯನ್ನು. ಅದು ಕಾಗದದ ಮೇಲೆ ಉಳಿಯುತ್ತದೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆ. ಮನೆಯಲ್ಲೇ ಕೂತು ಪತ್ರಿಕೆ ಡಿಸೈನ್ ಮಾಡುವವರಿಗೂ, ಡಿಟಿಪಿ ಅಂಗಡಿಯಲ್ಲಿ ಪಕ್ಕದಲ್ಲಿ ಕೂತು ಮಾಡಿಸುವವರಿಗೂ ಉಪಯೋಗವಾಗಲಿ ಎಂದು ನಾನು ಮಾಡುವ ಕ್ರಮವನ್ನೇ ಬರೆಯುತ್ತಿದ್ದೇನೆ.

ಮೊದಲು ಸೆರಿಫ್ ಅಂದರೆ ಏನು ನೋಡಿಬಿಡೋಣ

ಇಂಗ್ಲಿಷ್ ಅಕ್ಷರದ ಗೆರೆ ಮುಗಿಯುವ ತುದಿಯಲ್ಲಿ ಸಣ್ಣ ಪಾದದಂಥ ಅಡ್ಡಗೆರೆ ಇದ್ದರೆ ಅದು ಸೆರಿಫ್. ರೋಮಿನಲ್ಲಿ ಕ್ರಿ.ಶ. 113ರ ಟ್ರೇಜನ್ ಕಂಬದ ಬುಡದ ಶಾಸನದಲ್ಲೇ ಇಂಥ ಪಾದಗಳು ಚೊಕ್ಕಟವಾಗಿ ಕಾಣುತ್ತವೆ. ನಮ್ಮ ಅಕ್ಷರಕ್ಕೆ ಪಾದ ಇಲ್ಲ, ತಲೆ ಇದೆ. ಹಳೆಯ ಶಾಸನಗಳಲ್ಲಿ ಅಕ್ಷರದ ನೆತ್ತಿಯ ಮೇಲೆ ಒಂದು ಸಣ್ಣ ಗುರುತು ಇರುತ್ತಿತ್ತು. ಅದೇ ಬೆಳೆದು ತಲೆಕಟ್ಟು ಆಯಿತು. ಬಾದಾಮಿಗೆ ಹೋದರೆ ಗುಹೆ ನೋಡಿ ವಾಪಸ್ ಬರಬೇಡಿ. ಕೆರೆಯ ಆಚೆ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ ಇದೆ. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂದು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಈ ಸಲ ಅರ್ಥ ಬಿಟ್ಟು ಬರೀ ಅಕ್ಷರದ ತಲೆಗಳನ್ನು ನೋಡಿ.

ಹಾಗಾಗಿ ‘ಕನ್ನಡ ಸೆರಿಫ್ ಫಾಂಟ್’ ಅಂದಾಗ ಪಾದ ಹುಡುಕಬೇಡಿ. ಎರಡೇ ವಿಷಯ ನೋಡಿ. ತಲೆಕಟ್ಟಿನ ತುದಿ ಹೇಗೆ ಮುಗಿದಿದೆ? ಅಕ್ಷರದ ಗೆರೆ ಒಂದೇ ದಪ್ಪ ಇದೆಯೋ, ಎಲ್ಲೋ ದಪ್ಪ ಎಲ್ಲೋ ತೆಳು ಆಗುತ್ತ ಹೋಗುತ್ತದೋ? ಈ ದಪ್ಪ–ತೆಳುವಿನ ಓಟವೇ ಇಂಗ್ಲಿಷ್ ಸೆರಿಫ್ ಪಕ್ಕದಲ್ಲಿ ಕನ್ನಡವನ್ನು ಒಪ್ಪಿಸುವುದು.

ಹೆಜ್ಜೆ 1: ಕನ್ನಡ ಫಾಂಟನ್ನು ಮೊದಲು ಆರಿಸಿ

ಬಹಳ ಜನ ಉಲ್ಟಾ ಮಾಡುತ್ತಾರೆ. ಇಂಗ್ಲಿಷಿಗೆ ಚಂದದ ಫಾಂಟ್ ಹುಡುಕಿ, ಆಮೇಲೆ ಕನ್ನಡಕ್ಕೆ ಕೈಗೆ ಸಿಕ್ಕಿದ್ದು ಹಾಕುತ್ತಾರೆ. ಇಂಗ್ಲಿಷ್ ಸೆರಿಫ್ ಸಾವಿರಾರು ಇವೆ, ಕನ್ನಡದಲ್ಲಿ ಒಳ್ಳೆಯವು ಬೆರಳೆಣಿಕೆ. ಕಡಿಮೆ ಇರುವುದನ್ನು ಮೊದಲು ಗಟ್ಟಿ ಮಾಡಿಕೊಂಡರೆ ಉಳಿದದ್ದು ಸಲೀಸು.

ದುಡ್ಡು ಕೊಡದೆ ಸಿಗುವವುಗಳಲ್ಲಿ ನಾನು ಜಾಸ್ತಿ ಬಳಸುವುದು ಎರಡು. ಒಂದು ನೋಟೋ ಸೆರಿಫ್ ಕನ್ನಡ. ತೀರಾ ತೆಳುವಿನಿಂದ ತೀರಾ ದಪ್ಪದವರೆಗೆ ಇದರಲ್ಲಿ ಬೇಕಾದಷ್ಟು ತೂಕ ಸಿಗುತ್ತವೆ. ಇನ್ನೊಂದು ಟಿರೋ ಕನ್ನಡ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಕಾಶನ ಹೊರತರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಪುಸ್ತಕಮಾಲೆಗೆಂದು ಮಾಡಿದ ಅಕ್ಷರಗಳಿಂದ ಹುಟ್ಟಿದ್ದು. ಪುಸ್ತಕದ ಅಕ್ಷರದ ಗಾಂಭೀರ್ಯ ಇದೆ. ಆದರೆ ಇದರಲ್ಲಿ ದಪ್ಪ ತೂಕ ಇಲ್ಲ, ನೆನಪಿರಲಿ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಗಿರಾಕಿಯ ಕೆಲಸಕ್ಕೂ ಧಾರಾಳವಾಗಿ ಬಳಸಬಹುದು.

ನನ್ನ ರೂಢಿ ಹೀಗೆ: ಮೆತ್ತನೆಯ, ನುಣುಪು ಕಾಗದ ಮತ್ತು ಆಫ್‌ಸೆಟ್ ಆದರೆ ಟಿರೋ. ತರಿ ಕಾರ್ಡು, ಸ್ಕ್ರೀನ್ ಪ್ರಿಂಟಿಂಗ್, ಫಾಯಿಲ್ (ಬಿಸಿ ಅಚ್ಚಿನಿಂದ ಒತ್ತುವ ಬಂಗಾರದ ಹೊಳಪಿನ ಹಾಳೆ) ಏನಿದ್ದರೂ ನೋಟೋ ಸೆರಿಫ್‌ನ ಮೀಡಿಯಂ ಅಥವಾ ಅದಕ್ಕಿಂತ ಒಂದು ಮೆಟ್ಟಿಲು ದಪ್ಪ.

ಹೆಜ್ಜೆ 2: ‘ಕನ್ನಡ’ ಎಂದು ಬರೆದು ಪರೀಕ್ಷೆ ಮಾಡಬೇಡಿ

ಫಾಂಟ್ ಹಾಕಿದ ಕೂಡಲೇ ಎಲ್ಲರೂ ಬರೆಯುವುದು ಅದನ್ನೇ. ಆ ಪದ ಯಾವ ಫಾಂಟಿನಲ್ಲೂ ಚಂದವೇ ಕಾಣುತ್ತದೆ. ನೀವು ಬರೆಯಬೇಕಾದ್ದು ಪತ್ರಿಕೆಯಲ್ಲಿ ಬರುವ ಅತೀ ಕಷ್ಟದ ಪದಗಳನ್ನು.

ನನ್ನ ಕಂಪ್ಯೂಟರಿನಲ್ಲಿ ಒಂದು ಫೈಲ್ ಹೀಗೇ ಇಟ್ಟುಕೊಂಡಿದ್ದೇನೆ: ಸಿದ್ಧಾರೂಢ, ಜ್ಯೋತ್ಸ್ನಾ, ಲಕ್ಷ್ಮೀ, ಪೃಥ್ವಿ, ಜ್ಯೇಷ್ಠ, ಕುಲಕರ್ಣಿ, ಸೌಭಾಗ್ಯವತಿ, ಘಟಪ್ರಭಾ, ಬಾಗಲಕೋಟೆ. ಒಂದೊಂದಕ್ಕೂ ಕಾರಣ ಇದೆ. ‘ಸಿದ್ಧಾರೂಢ’ದ ಕಥೆ ಹೇಳಿದೆ. ‘ಪೃಥ್ವಿ’ಯ ‘ಥ’ದ ಹೊಟ್ಟೆಯಲ್ಲಿ ಚುಕ್ಕೆ ಇದೆ. ಅದು ಸಣ್ಣ ಅಳತೆಯಲ್ಲಿ ಗೋಡೆಗೆ ಅಂಟಿಕೊಂಡರೆ ‘ಥ’ ಹೋಗಿ ‘ಧ’ ಆದಂತೆ. ‘ಜ್ಯೋತ್ಸ್ನಾ’ದಲ್ಲಿ ಒತ್ತಿನ ಮೇಲೆ ಒತ್ತು. ಫಾಂಟ್ ಮಾಡಿದವರು ಎಷ್ಟು ಕಷ್ಟಪಟ್ಟಿದ್ದಾರೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಕೆಲವು ಫಾಂಟ್‌ಗಳಲ್ಲಿ ‘ಸ’ ಮತ್ತು ‘ನ’ ಒತ್ತುಗಳು ಬಸ್ ಸೀಟಿಗೆ ಜಗಳ ಆಡಿದಂತೆ ಒಂದರ ಮೇಲೊಂದು ಬಿದ್ದಿರುತ್ತವೆ. ‘ಕುಲಕರ್ಣಿ’ಯಲ್ಲಿ ಅರ್ಕಾವತ್ತು ಸರಿಯಾಗಿ ಕೂತಿದೆಯೇ ನೋಡಿ. ‘ಬಾಗಲಕೋಟೆ’ಯಲ್ಲಿ ‘ಬ’, ‘ಲ’ಗಳಿಗೆ ತಲೆಕಟ್ಟಿಲ್ಲ, ನಡುವಿನ ‘ಗ’ಕ್ಕೆ ಇದೆ. ಒಳ್ಳೆಯ ಫಾಂಟಿನಲ್ಲಿ ಈ ಏರುಪೇರು ಕಣ್ಣಿಗೆ ಚುಚ್ಚುವುದಿಲ್ಲ, ಸಾಲು ಸಮ ಕಾಣುತ್ತದೆ.

ಪದಗಳನ್ನು ಪರದೆ ತುಂಬ ಹಿಗ್ಗಿಸಿ ನೋಡಬೇಡಿ. ಪತ್ರಿಕೆಯಲ್ಲಿ ಅಕ್ಷರದ ಅಳತೆ ಎಷ್ಟು ಪಾಯಿಂಟ್ ಇರುತ್ತದೋ ಅಷ್ಟರಲ್ಲೇ ಪ್ರಿಂಟ್ ತೆಗೆದು ನೋಡಿ. ಮನೆಯ ಅಥವಾ ಜೆರಾಕ್ಸ್ ಅಂಗಡಿಯ ಲೇಸರ್ ಪ್ರಿಂಟ್ ಸಾಕು.

ಹೆಜ್ಜೆ 3: ಇಂಗ್ಲಿಷ್ ಜೋಡಿ ಹುಡುಕುವುದು

ಇಂಗ್ಲಿಷ್ ಸೆರಿಫ್‌ಗಳಲ್ಲಿ ಮೂರು ಮನೆತನ ಗೊತ್ತಿದ್ದರೆ ಲಗ್ನಪತ್ರಿಕೆಗೆ ಸಾಕು.

16ನೇ ಶತಮಾನದ ಪ್ಯಾರಿಸ್ಸಿನ ಕ್ಲೋಡ್ ಗ್ಯಾರಮಂಡ್ ಕೊರೆದ ಅಕ್ಷರಗಳ ಮನೆತನ ಮೊದಲನೆಯದು. ಪೆನ್ನಿನಿಂದ ಬರೆದ ಹಾಗಿರುತ್ತದೆ, ದಪ್ಪ–ತೆಳುವಿನ ಅಂತರ ಕಡಿಮೆ. ಈಬಿ ಗ್ಯಾರಮಂಡ್ ಉಚಿತವಾಗಿ ಸಿಗುತ್ತದೆ. ಕೊನೆಯದು ಇಟಲಿಯ ಪಾರ್ಮಾದಲ್ಲಿ ಅಚ್ಚುಕೂಟ ನಡೆಸಿದ ಬೊಡೋನಿಯದು. ದಪ್ಪ ಅಂದರೆ ಕಂಬ, ತೆಳು ಅಂದರೆ ಕೂದಲು. ಫ್ಯಾಷನ್ ಪತ್ರಿಕೆಗಳ ಮುಖಪುಟದಲ್ಲಿ ನೋಡುವ ಠೀವಿ ಇದರದ್ದೇ. ನನಗೆ ಕೈಕೊಟ್ಟಿದ್ದೂ ಇದೇ.

ನಡುವೆ ಇರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್. ಈತ ಮೊದಲು ಅಕ್ಷರ ಕಲಿಸುತ್ತಿದ್ದ, ಗೋರಿಕಲ್ಲಿನ ಮೇಲೆ ಅಕ್ಷರ ಕೊರೆಯುತ್ತಿದ್ದ. 1757ರಲ್ಲಿ ತನ್ನ ಮೊದಲ ಪುಸ್ತಕ ಅಚ್ಚು ಹಾಕಿದ. ತೆಳು ಗೆರೆ ಕಾಗದದ ಮೇಲೆ ಉಳಿಯಲಿ ಅಂತ ಒಳ್ಳೆಯ ಕಪ್ಪು ಶಾಯಿ ಮಾಡಿಕೊಂಡ, ಅಚ್ಚಾದ ಹಾಳೆಗಳನ್ನು ಬಿಸಿ ತಾಮ್ರದ ತಗಡುಗಳ ನಡುವೆ ಒತ್ತಿ ನುಣುಪು ಮಾಡಿದ. ಅಕ್ಷರ ಒಂದನ್ನೇ ಅಲ್ಲ, ಕಾಗದ, ಶಾಯಿ ಎಲ್ಲವನ್ನೂ ಕೂಡಿಸಿ ಯೋಚಿಸಿದ ಮನುಷ್ಯ. ಆದರೂ ಜನ ‘ಗೆರೆ ತೆಳು, ಕಣ್ಣು ಹೋಗುತ್ತದೆ’ ಎಂದು ದೂರಿದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ತಾನೂ ಮುದ್ರಕನೇ. ಹೀಗೆ ದೂರಿದ ಒಬ್ಬನಿಗೆ ಆತ ಕ್ಯಾಸ್ಲಾನ್ ಎಂಬ ಬೇರೆಯವನ ಅಕ್ಷರದ ಹಾಳೆಯನ್ನು, ಹೆಸರು ಹರಿದು, ಬಾಸ್ಕರ್‌ವಿಲ್‌ದು ಎಂದು ಹೇಳಿ ಕೊಟ್ಟ. ಆ ಪುಣ್ಯಾತ್ಮ ಅದರಲ್ಲೂ ಅದೇ ದೋಷ ಹುಡುಕಿ ತೋರಿಸಿದನಂತೆ! ಆದ್ದರಿಂದ ಫಾಂಟ್ ಬಗ್ಗೆ ಯಾರು ಏನೇ ಹೇಳಲಿ, ನಾನೇ ಹೇಳಲಿ, ಪ್ರಿಂಟ್ ತೆಗೆದು ನೋಡದೆ ನಂಬಬೇಡಿ.

ಟಿರೋ ಕನ್ನಡದ ಜೊತೆ ಅದರೊಳಗೇ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಬೇರೆ ಹುಡುಕುವ ಗೋಜಿಲ್ಲ. ನೋಟೋ ಸೆರಿಫ್ ಕನ್ನಡಕ್ಕೆ ಲಿಬ್ರೆ ಬಾಸ್ಕರ್‌ವಿಲ್ ಚೆನ್ನಾಗಿ ಹೊಂದುತ್ತದೆ ಅನ್ನುವುದು ನನ್ನ ಕಣ್ಣಿನ ತೀರ್ಪು. ಪ್ಲೇಫೇರ್ ಡಿಸ್‌ಪ್ಲೇ ವಧು–ವರರ ಹೆಸರಿಗೆ ಸರಿ, ವಿಳಾಸಕ್ಕೆ ಬೇಡ. ಕಾರ್ಮೊರಂಟ್ ನೋಡಲು ಬಹಳ ಸುಂದರ, ಆದರೆ ಸಣ್ಣ ಅಳತೆಗೆ ಮಾಡಿದ್ದಲ್ಲ. 24 ಪಾಯಿಂಟಿಗಿಂತ ಕೆಳಗೆ ನಾನಂತೂ ಹಾಕುವುದಿಲ್ಲ.

ಅಳತೆ ಹೊಂದಿಸುವುದು ಇನ್ನೊಂದು ಕೆಲಸ. ಎರಡಕ್ಕೂ 14 ಪಾಯಿಂಟ್ ಕೊಟ್ಟರೆ ಎರಡೂ ಒಂದೇ ಎತ್ತರ ಕಾಣುತ್ತವೆ ಎಂದುಕೊಳ್ಳಬೇಡಿ. ‘ನನಗ’ ಎಂದು ಬರೆದು ಪಕ್ಕದಲ್ಲೇ ಇಂಗ್ಲಿಷಿನ ಸಣ್ಣ ಎನ್, ಓ, ಎ ಬರೆಯಿರಿ. ಕನ್ನಡದ ಎತ್ತರ ಇಂಗ್ಲಿಷಿನ ಸಣ್ಣಕ್ಷರಕ್ಕಿಂತ ಒಂದು ಗುಲಗಂಜಿಯಷ್ಟು ಮೇಲಿರಲಿ, ದೊಡ್ಡಕ್ಷರಕ್ಕಿಂತ ಕೆಳಗಿರಲಿ. ಅಲ್ಲಿಗೆ ಬರುವ ತನಕ ಇಂಗ್ಲಿಷಿನ ಪಾಯಿಂಟನ್ನು ಹೆಚ್ಚುಕಡಿಮೆ ಮಾಡಿ. ಮತ್ತೆ ಇಡೀ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹಾಕಬೇಡಿ. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ, ಪಕ್ಕದಲ್ಲಿ ಇಂಗ್ಲಿಷ್ ಕೂಗಿದಂತೆ ಕೇಳುತ್ತದೆ. ಹಾಕಲೇಬೇಕು ಅಂದರೆ ಅಳತೆ ಇಳಿಸಿ, ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಡಿ.

ಬೆಳಗಾವಿಯಲ್ಲಿ ಮೂರನೇ ಭಾಷೆಯೂ ಬರುತ್ತದೆ. ಕನ್ನಡದ ಮನೆಯ ಪತ್ರಿಕೆಯಲ್ಲೂ ಬೀಗರಿಗೋಸ್ಕರ ಒಂದು ಪುಟ ಮರಾಠಿ ಇರುವುದು ಮಾಮೂಲು. ಇಲ್ಲಿ ಒಂದು ಸೂಕ್ಷ್ಮ ಇದೆ. ಮರಾಠಿಯ ‘ಲ’ ಮತ್ತು ‘ಶ’ ಹಿಂದಿಯವುಗಳಿಗಿಂತ ಬೇರೆ ಆಕಾರ. ಹಿಂದಿ ಫಾಂಟಿನಲ್ಲಿ ಹಾಕಿದರೆ ಮರಾಠಿ ಓದಿ ಬೆಳೆದವರಿಗೆ ಕೂಡಲೇ ಗೊತ್ತಾಗುತ್ತದೆ, ಅವರು ಬಾಯಿಬಿಟ್ಟು ಹೇಳದಿದ್ದರೂ. ಟಿರೋ ದೇವನಾಗರಿಯಲ್ಲಿ ಮರಾಠಿಗೇ ಬೇರೆ ಆವೃತ್ತಿ ಇದೆ. ಟಿರೋ ಕನ್ನಡದ ಜೊತೆ ಅಣ್ಣ–ತಮ್ಮನ ಹಾಗೆ ಕೂಡುತ್ತದೆ. ಮೂರು ಭಾಷೆಯ ಪತ್ರಿಕೆಗೆ ನನ್ನ ಮೊದಲ ಆಯ್ಕೆ ಇದೇ ಕುಟುಂಬ.

ಹೆಜ್ಜೆ 4: ತೆಳು ಗೆರೆಯನ್ನು ಅಳೆಯಿರಿ

ಅವತ್ತೇ ಇಷ್ಟು ಲೆಕ್ಕ ಹಾಕಿದ್ದರೆ ಐನೂರು ಕಾರ್ಡು ಉಳಿಯುತ್ತಿದ್ದವು.

ಅಕ್ಷರವನ್ನು ಕೋರೆಲ್‌ನಲ್ಲಿ ಕರ್ವ್ಸ್ ಮಾಡಿ (ಅಂದರೆ ಅಕ್ಷರವನ್ನು ಬರೀ ಆಕಾರವಾಗಿ ಬದಲಿಸಿ), ಅತೀ ತೆಳು ಜಾಗವನ್ನು ಹಿಗ್ಗಿಸಿ, ಅಳತೆಯ ಟೂಲ್‌ನಿಂದ ಅಳೆಯಿರಿ. ಒಂದು ಫಾಂಟಿನ ತೆಳು ಗೆರೆ ಅದರ ಪಾಯಿಂಟ್ ಅಳತೆಯ ನಲವತ್ತನೇ ಒಂದು ಪಾಲು ಇದೆ ಅನ್ನಿ. 12 ಪಾಯಿಂಟಿನಲ್ಲಿ ಆ ಗೆರೆ 0.3 ಪಾಯಿಂಟ್, ಅಂದರೆ ಸುಮಾರು 0.1 ಮಿಲಿಮೀಟರ್. ನುಣುಪು ಕಾಗದದ ಮೇಲೆ ಕಪ್ಪು ಶಾಯಿಯ ಆಫ್‌ಸೆಟ್ ಆದರೆ ಇಷ್ಟು ಬದುಕುತ್ತದೆ, ಅಲ್ಲಿ 0.25 ಪಾಯಿಂಟ್ ತನಕ ನಡೆಯುತ್ತದೆ. ಬಣ್ಣದ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಡಿಸುವುದಾದರೆ ಸುತ್ತಲಿನ ಶಾಯಿ ಒಳಗೆ ಹರಿಯುತ್ತದೆ, ಕನಿಷ್ಠ 0.5 ಪಾಯಿಂಟ್ ಬೇಕು. ಸ್ಕ್ರೀನ್ ಪ್ರಿಂಟಿಂಗ್ ಅಂದರೆ ಶಾಯಿ ಜಾಲರಿ ಬಟ್ಟೆಯ ಕಣ್ಣುಗಳಿಂದ ಇಳಿಯಬೇಕು. ಗೆರೆ ಆ ಎಳೆಗಳಷ್ಟೇ ತೆಳುವಾದರೆ ಶಾಯಿ ಅಲ್ಲಲ್ಲಿ ಸಿಕ್ಕಿಬೀಳುತ್ತದೆ. ಅದಕ್ಕೆ ನಾನು 1 ಪಾಯಿಂಟಿಗೆ ಹತ್ತಿರ ಇಟ್ಟುಕೊಳ್ಳುತ್ತೇನೆ, ತರಿ ಕಾರ್ಡಾದರೆ ಇನ್ನೂ ಜಾಸ್ತಿ. ಫಾಯಿಲ್‌ಗೆ ಉಲ್ಟಾ ತೊಂದರೆ: ಗೆರೆ ಉಳಿದರೂ ಸೀಳು ಮುಚ್ಚುತ್ತದೆ. ‘ಧ’, ‘ಢ’ದ ಸೀಳುಗಳನ್ನೂ ಗೆರೆಯಷ್ಟೇ ಜೋಪಾನವಾಗಿ ಅಳೆಯಬೇಕು.

ಗೆರೆ ತೀರಾ ತೆಳು ಬಂತು, ಆದರೂ ಮನೆಯವರಿಗೆ ಅದೇ ಫಾಂಟ್ ಬೇಕು. ಆಗ ಮೂರು ದಾರಿ: ಅಳತೆ ಹೆಚ್ಚಿಸಿ, ಒಂದು ತೂಕ ದಪ್ಪದ್ದು ಹಾಕಿ, ಇಲ್ಲವೇ ಕಾಗದ ಬದಲಿಸಿ. ಔಟ್‌ಲೈನ್ ಕೊಟ್ಟು ದಪ್ಪ ಮಾಡುವ ನಾಲ್ಕನೇ ದಾರಿ ಇದೆಯಲ್ಲ, ಅದು ಬೇಡ. ಗೆರೆ ದಪ್ಪ ಆಗುತ್ತದೆ, ಜೊತೆಗೇ ಸೀಳು ಮುಚ್ಚುತ್ತದೆ.

ಹೆಜ್ಜೆ 5: ಸಾಲಿಗೆ ಉಸಿರಾಡಲು ಜಾಗ

ಇಂಗ್ಲಿಷಿಗೆ 12 ಪಾಯಿಂಟ್ ಅಕ್ಷರಕ್ಕೆ 14–15 ಪಾಯಿಂಟ್ ಸಾಲಿನ ಅಂತರ ಸಾಕು. ಕನ್ನಡಕ್ಕೆ 18 ಕೊಡಿ, ಒತ್ತಕ್ಷರ ಜಾಸ್ತಿ ಇದ್ದರೆ 20. ಮೇಲಿನ ಸಾಲಿನ ‘ಷ್ಠ’ದ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ವಿಜಯಪುರದ ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕಿಸಲು ಪಟ್ಟ ಪಾಡು ನಮ್ಮ ಕಡೆ ಎಲ್ಲರಿಗೂ ಗೊತ್ತು. 1925ರಲ್ಲಿ ಅವರು ಹಿತಚಿಂತಕ ಮುದ್ರಣಾಲಯವನ್ನೇ ಶುರು ಮಾಡಿದರು. ಆಗಿನದ್ದೆಲ್ಲ ಸೀಸದ ಅಚ್ಚುಮೊಳೆ. ಒಂದೊಂದೇ ಮೊಳೆ ಕೈಯಿಂದ ಜೋಡಿಸಬೇಕು. ಆದರೆ ಅದರಲ್ಲಿ ಒಂದು ಅನುಕೂಲ ಇತ್ತು. ಒಂದು ಸಾಲು ಇನ್ನೊಂದರ ಮೈಮೇಲೆ ಏರಲು ಆಗುತ್ತಿರಲಿಲ್ಲ, ಲೋಹವೇ ತಡೆಯುತ್ತಿತ್ತು. ಕಂಪ್ಯೂಟರಿನಲ್ಲಿ ತಡೆಯುವವರಿಲ್ಲ. ಒಂದೇ ಪುಟದಲ್ಲಿ ಮೂವತ್ತು ಜನ ‘ಸುಖಾಗಮನ ಬಯಸುವವರು’ ಬೇಕು ಅಂತ ಸಾಲು ಹಿಚುಕುತ್ತ ಹೋಗುತ್ತೇವೆ. ಹೆಸರು ಕಡಿಮೆ ಮಾಡಿ ಅಂತ ಮನೆಯ ಹಿರಿಯರಿಗೆ ಹೇಳುವ ಧೈರ್ಯ ನನಗೂ ಇಲ್ಲ. ಇನ್ನೊಂದು ಪುಟ ಹಾಕಿಸಿ.

ಕನ್ನಡ ಅಕ್ಷರಗಳ ನಡುವೆ ಟ್ರ್ಯಾಕಿಂಗ್ ಕೊಟ್ಟು ಎಳೆಯಬೇಡಿ. ‘ಶ್ರೀ’ಯ ದೀರ್ಘ ಬೇರೆ ಚಿಹ್ನೆ, ಅಕ್ಷರ ಇಲ್ಲಿ, ದೀರ್ಘ ಅಲ್ಲಿ ಆಗುತ್ತದೆ. ಸುಮ್ನೆ ವಾಲಿಸಿ ಇಟಾಲಿಕ್ ಮಾಡುವುದೂ ಬೇಡ. ಒತ್ತಿ ಹೇಳಬೇಕಾದ್ದಕ್ಕೆ ತೂಕ ಹೆಚ್ಚಿಸಿ, ಇಲ್ಲ ಬಣ್ಣ ಬದಲಿಸಿ. ಓದುವ ಅಕ್ಷರ 12 ಪಾಯಿಂಟಿಗಿಂತ ಇಳಿಯದಿರಲಿ. ವಧು–ವರರ ಹೆಸರು 28ರಿಂದ 36. “ನಮ್ಮ ಮಾಮಾನ ಲಗ್ನಕ್ಕ ತಪ್ಪದ ಬರ್ರಿ” ಎಂಬ ಮಕ್ಕಳ ಸಾಲು ಮಾತ್ರ ಬೇಕಾದ ಆಟದ ಫಾಂಟಿನಲ್ಲಿ ಇರಲಿ, ಅಲ್ಲಿ ಸೆರಿಫ್ ಹಾಕಿದರೆ ಮಗುವಿಗೆ ಕೋಟು ತೊಡಿಸಿದಂತೆ.

ಅಂಕಿಗಳನ್ನು ಮರೆಯಬೇಡಿ. ಕೆಲವು ಸೆರಿಫ್ ಫಾಂಟ್‌ಗಳಲ್ಲಿ ಅಂಕಿಗಳು ಏರಿಳಿಯುತ್ತವೆ. 3, 4, 5, 7, 9 ಸಾಲಿನ ಕೆಳಗೆ ಇಳಿಯುತ್ತವೆ, 0 ಇಂಗ್ಲಿಷಿನ ಸಣ್ಣ ಓ ತರಹ ಕಾಣುತ್ತದೆ. ಪುಸ್ತಕದಲ್ಲಿ ಚಂದ. ‘ಅಕ್ಷತೆ 12-30ಕ್ಕೆ’ ಎನ್ನುವಲ್ಲಿ, ಫೋನ್ ನಂಬರಿನಲ್ಲಿ ಗೊಂದಲ. ಓಪನ್‌ಟೈಪ್ ಆಯ್ಕೆಯಲ್ಲಿ ಲೈನಿಂಗ್ ಅಂಕಿ, ಅಂದರೆ ಎಲ್ಲವೂ ಒಂದೇ ಎತ್ತರ ಇರುವ ಅಂಕಿ, ಆರಿಸಿ.

ನಾಲ್ಕು ಮೂಲೆ ಖಾಲಿ ಬಿಡಿ. ಪರದೆಯ ಮೇಲೆ ಮೂಲೆ ಬೋಳು ಅನ್ನಿಸಿ ಹೂಬಳ್ಳಿ, ಅದರ ಪಕ್ಕ ಒಂದು ಸಾಲು ಅಕ್ಷರ ತುರುಕುತ್ತೇವೆ. ಮನೆಗೆ ಹೋದ ಮೇಲೆ ಅಲ್ಲೇ ಅರಿಸಿನ–ಕುಂಕುಮ ಹಚ್ಚುತ್ತಾರೆ ಅಲ್ವಾ?

ಹೆಜ್ಜೆ 6: ಸಾಫ್ಟ್‌ವೇರ್ ಮಾಡುವ ಚೇಷ್ಟೆ

ನೋಟೋ, ಟಿರೋ ಎರಡೂ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದವು. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳೇ ಓಡುತ್ತಿರುತ್ತವೆ. ಅವುಗಳಲ್ಲಿ ಟೈಪ್ ಮಾಡಿದ್ದಕ್ಕೆ ಬರೀ ಫಾಂಟ್ ಬದಲಿಸಿದರೆ ಕಸ ಬರುತ್ತದೆ, ಪರಿವರ್ತನೆ ಮಾಡಲೇಬೇಕು. ಮಾಡಿದ ಮೇಲೆ ಅರ್ಕಾವತ್ತು, ವಟ್ರಸುಳಿ ಇರುವ ಪದಗಳನ್ನು ಒಂದೊಂದೇ ನೋಡಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆ ಆನ್ ಮಾಡದಿದ್ದರೆ ಒತ್ತಕ್ಷರ ಕೆಳಗೆ ಹೋಗುವ ಬದಲು ಪಕ್ಕಕ್ಕೆ ಬಂದು ಕೂರುತ್ತದೆ. ಫಾಂಟ್ ಕೆಟ್ಟಿದೆ ಅಂತ ಬೈಯುವ ಮೊದಲು ಇದನ್ನು ನೋಡಿ. ‘ರಾಜ್‌ಕುಮಾರ’ ಎಂದು ಬರೆದದ್ದು ‘ರಾಜ್ಕುಮಾರ’ ಆಗುತ್ತಿದ್ದರೆ ‘ಜ್’ ಆದ ಮೇಲೆ ಕೀಬೋರ್ಡಿನಲ್ಲಿ ಒತ್ತು ತಡೆಯುವ ಕೀಲಿ ಒತ್ತಬೇಕು.

ಹೆಜ್ಜೆ 7: ಪ್ರೆಸ್ಸಿಗೆ ಕೊಡುವಾಗ

ಸಣ್ಣ ಅಕ್ಷರಗಳು ಬರೀ ಕಪ್ಪು ಶಾಯಿಯಲ್ಲಿರಲಿ. ನಾಲ್ಕು ಬಣ್ಣ ಕೂಡಿಸಿದ ಕಪ್ಪು ಬೇಡ. ಪ್ಲೇಟ್ ಒಂದು ಕೂದಲೆಳೆ ಸರಿದರೂ ತೆಳು ಗೆರೆಗೆ ಕೆಂಪು–ನೀಲಿ ನೆರಳು ಬೀಳುತ್ತದೆ. ಫೈಲನ್ನು ಕರ್ವ್ಸ್ ಮಾಡಿದ ಪಿಡಿಎಫ್ ಕೊಡಿ, ತಿದ್ದಲು ಬರುವ ಮೂಲ ಫೈಲ್ ನಿಮ್ಮ ಹತ್ತಿರ ಬೇರೆ ಇರಲಿ.

ಪ್ರೂಫನ್ನು ಮೊಬೈಲಿಗೆ ಕಳಿಸಿ ‘ಓಕೆ’ ತರಿಸಿಕೊಳ್ಳಬೇಡಿ. ಅಲ್ಲಿ ಬೆರಳಿನಿಂದ ಹಿಗ್ಗಿಸಿ ನೋಡುತ್ತಾರೆ, ಕಾರ್ಡನ್ನು ಹಿಗ್ಗಿಸಲು ಬರುವುದಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಆದರೆ ಅದೇ ಕಾರ್ಡಿನ ಮೇಲೆ, ಅದೇ ಶಾಯಿಯಲ್ಲಿ ಒಂದೆರಡು ಹೊಡೆಸಿ, ಒಣಗಿದ ಮೇಲೆ ನೋಡಿ. ಆ ಎರಡು ಕಾರ್ಡಿನ ದುಡ್ಡು ನೀವೇ ಕೊಡುತ್ತೇನೆ ಅಂದರೆ ಯಾವ ಪ್ರೆಸ್ಸಿನವರೂ ಇಲ್ಲ ಅನ್ನುವುದಿಲ್ಲ.

ಆ ಎರಡರಲ್ಲಿ ಒಂದನ್ನು ಮನೆಯಲ್ಲಿ ಎಲ್ಲರಿಗಿಂತ ಹಿರಿಯರ ಕೈಗೆ ಕೊಡಿ. ಸಂಜೆ, ಟ್ಯೂಬ್‌ಲೈಟಿನ ಬೆಳಕಲ್ಲಿ. ಗಟ್ಟಿಯಾಗಿ ಓದಲು ಹೇಳಿ, ನಡುವೆ ಬಾಯಿ ಹಾಕಬೇಡಿ. ಎಲ್ಲಿ ಎಡವಿದರೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಮತ್ತೆ ಹೆಜ್ಜೆ 4ಕ್ಕೆ ಹೋಗಿ.